ಬೀಗರು ಮೊದಲು ಕುಡಿಯಲಿ

ನೀರು ತುಂಬಿದ ಎರಡು ಬಾಟಲಿ ಬೆನ್ನಿಗೆ ಹೊತ್ತುಕೊಂಡು ನೀರಡಿಕೆಯಿಂದ ಸಾಯಲು ಸಾಧ್ಯವೇ?

ಸಾಧ್ಯ. ಹೋದ ತಿಂಗಳು ಒಂದು ಭಾನುವಾರ ನಾನು ಹೆಚ್ಚೂಕಡಿಮೆ ಸತ್ತೇಹೋಗಿದ್ದೆ. ನಿಪ್ಪಾಣಿಯ ಆಚೆ, ಗೋಡೆಯಂತೆ ನೆಟ್ಟಗೆ ನಿಂತಿರುವ ಗುಡ್ಡದ ನಡುಮಧ್ಯೆ. ನೆತ್ತಿಯ ಮೇಲೆ ಬಿಸಿಲು. ಕಾಲಕೆಳಗೆ ಕಾದ ಕರಿಕಲ್ಲು. ಬೆನ್ನ ಮೇಲಿನ ಚೀಲದಲ್ಲಿ ಮನೆಯಿಂದ ತಂದ ತಣ್ಣನೆಯ ನೀರು. ನಾಲಿಗೆ ಮಾತ್ರ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಪಕ್ಕದಲ್ಲಿ ಇನ್ನೊಬ್ಬ ಹಿರಿಯರು ನಿಂತಿದ್ದರು. ಅವರ ಚೀಲದಲ್ಲೂ ತುಂಬಿದ ಬಾಟಲಿ. ಅವರ ನಾಲಿಗೆಯದೂ ಅದೇ ಗತಿ.

ಮುಚ್ಚಳ ತೆಗೆಯಲು ಬರುತ್ತಿರಲಿಲ್ಲವೇ ಎಂದು ಕೇಳಬೇಡಿ. ಬರುತ್ತಿತ್ತು. ಆದರೆ ನಾನು ಹೆಣ್ಣಿನ ತಂದೆ. ಅವರು ಗಂಡಿನ ತಂದೆ. ನಮ್ಮ ಚಿಕ್ಕೋಡಿ, ಅಥಣಿ, ರಾಯಬಾಗ ಕಡೆಯ ಓದುಗರಿಗೆ ಇಷ್ಟು ಹೇಳಿದರೆ ಸಾಕು, ಈಗಾಗಲೇ ನಗಲು ಶುರು ಮಾಡಿರುತ್ತಾರೆ. ಉಳಿದವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ನನ್ನ ಮಗಳು ಅಶ್ವಿನಿ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್. ಹಗಲೆಲ್ಲ ಕಬ್ಬಿನ ಹಾಲಿನಲ್ಲಿ ಎಷ್ಟು ಸಕ್ಕರೆ ಇದೆ ಎಂದು ಪರೀಕ್ಷೆ ಮಾಡುತ್ತಾಳೆ. ಸಂಜೆ ಅಂಕಲಿಯ ಮನೆಗೆ ಬಂದು ಅಪ್ಪನ ಮಾತಿನಲ್ಲಿ ಎಷ್ಟಿದೆ ಎಂದು ಪರೀಕ್ಷೆ ಮಾಡುತ್ತಾಳೆ. ಈ ಅಂಕಣವನ್ನು ಪೇಪರಿಗೆ ಕಳಿಸುವ ಮೊದಲು ಓದುವವಳೂ ಅವಳೇ. "ಅಪ್ಪಾ, ಇದು ಸುಳ್ಳ" ಎಂದು ಅಡ್ಡಗೆರೆ ಎಳೆಯುವವಳೂ ಅವಳೇ. (ನನ್ನ ಅಂಕಣ ಕೆಲವು ವಾರ ಚಿಕ್ಕದಾಗಿರಲು ಕಾರಣ ಸಂಪಾದಕರು ಎಂದು ನೀವು ತಿಳಿದಿದ್ದರೆ, ಅವರನ್ನು ಕ್ಷಮಿಸಿ.)

ಅವಳಿಗೆ ಕಾಗವಾಡದಿಂದ ಒಂದು ಸಂಬಂಧ ಬಂತು. ಹುಡುಗ ಅಭಿಜಿತ್. ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು ನೋಡಿಕೊಳ್ಳುತ್ತಾನೆ. ಡಿಗ್ರಿ ಆಗಿದೆ. ಮಾತನ್ನು ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಾನೆ. ಕಾಗವಾಡದವರೆಲ್ಲ ಹಾಗೆಯೇ. ಫೋಟೋ ನೋಡಿದೆವು, ಚೆನ್ನಾಗಿದ್ದ. ಇನ್ನು ಕನ್ಯೆ ನೋಡುವ ಕಾರ್ಯಕ್ರಮ ಇಟ್ಟುಕೊಳ್ಳೋಣ ಎಂದು ನಾನು ಕ್ಯಾಲೆಂಡರ್ ಕೈಗೆತ್ತಿಕೊಂಡಾಗ ಮಗಳು ಅಡ್ಡ ನಿಂತಳು.

"ಚಹಾದ ಟ್ರೇ ಹಿಡಕೊಂಡ ಬರೂದು ನನ್ನ ಕಡಿಂದ ಇನ್ನ ಆಗೂದಿಲ್ಲ. ಎರಡ ಸಲ ಬಂದೇನಿ, ಸಾಕು. ಸೋಫಾದ ಮ್ಯಾಲ ಕುಂತ್ರ ಎಲ್ಲಾರೂ ಚೊಲೋನ ಕಾಣತಾರ ಅಪ್ಪಾ. ಮನಷ್ಯಾರನ್ನ ನಡದಾಗ ನೋಡಬೇಕು."

"ನಡದಾಗ ಅಂದ್ರ? ರೋಡಿನ ಮ್ಯಾಲ ನಡಸಬೇಕೇನ ಅವರನ್ನ?"

ಅವಳು ಮೊಬೈಲ್ ಮುಂದೆ ಹಿಡಿದಳು. ನಿಪ್ಪಾಣಿಯ ಕೆಲವು ಹುಡುಗ ಹುಡುಗಿಯರು ಸೇರಿ ನಡೆಸುವ ಒಂದು ದಿನದ ಫ್ಯಾಮಿಲಿ ಹೈಕ್. ಮಕ್ಕಳಿಂದ ಹಿಡಿದು ಅಜ್ಜ ಅಜ್ಜಿಯರವರೆಗೆ ಎಲ್ಲರಿಗೂ. ಜೊತೆಗೆ ಗೈಡ್ ಇರುತ್ತಾರೆ. ಸುಲಭ, ಸುರಕ್ಷಿತ, ಸುಂದರ. ಪೋಸ್ಟರಿನಲ್ಲಿ ಒಬ್ಬ ಅಜ್ಜಿ ಗುಡ್ಡದ ತುದಿಯಲ್ಲಿ ನಿಂತು ಹಲ್ಲು ಕಾಣಿಸಿ ನಗುತ್ತಿದ್ದಳು. (ಆ ಅಜ್ಜಿಯನ್ನು ನಾನು ಈಗಲೂ ಹುಡುಕುತ್ತಿದ್ದೇನೆ. ಸಿಕ್ಕರೆ ಒಂದೆರಡು ಮಾತು ಕೇಳುವುದಿದೆ.)

ಎರಡೂ ಮನೆಯವರು ಕೂಡಿ ಗುಡ್ಡ ಹತ್ತುವುದಂತೆ. ಗಂಡಿನ ಕಡೆಯವರು ಇದಕ್ಕೆ ಒಪ್ಪುತ್ತಾರೆಯೇ? ಖಂಡಿತ ಒಪ್ಪುವುದಿಲ್ಲ ಎಂಬ ಧೈರ್ಯದಿಂದ ನಾನು ಹುಡುಗನ ತಂದೆ ಬಾಳಾಸಾಹೇಬರಿಗೆ ಫೋನ್ ಮಾಡಿದೆ. ಅವರು "ಹೊಸಾದೈತಲ್ರಿ! ಬರ್ತೇವಿ ಬರ್ತೇವಿ" ಎಂದರು. ನಾನು ಹಿಂದೆ ಸರಿಯಲಿ ಎಂದು ಅವರು ಕಾಯುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಅವರು ಹಿಂದೆ ಸರಿಯಲಿ ಎಂದು ನಾನು ಕಾಯುತ್ತಿದ್ದೆ. ಹೀಗೆ ಗುಡ್ಡ ಹತ್ತುವ ಮನಸ್ಸಿಲ್ಲದ ಇಬ್ಬರು ಗಂಡಸರು, ಬರೀ ಮರ್ಯಾದೆಯ ಮೇಲೆ, ಗುಡ್ಡ ಹತ್ತಲು ತಯಾರಾದೆವು.

ನನಗೆ ಒಳಗೊಳಗೇ ಧೈರ್ಯವೂ ಇತ್ತು ಅನ್ನಿ. ನಡಿಗೆಯ ಮಹತ್ವದ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು! ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ದಿನಾ ಮುಂಜಾನೆ ವಾಕಿಂಗ್ ಹೋಗುತ್ತೇನೆ. ಮನೆಯಿಂದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವರೆಗೆ. ಅಲ್ಲಿ ಒಂದು ತಾಸು ಕೂತು, ಮತ್ತೆ ಮನೆಗೆ. ಅದೂ ಸಪಾಟು ರಸ್ತೆ. ಕೃಷ್ಣೆಯ ದಂಡೆಯ ನಮ್ಮೂರಲ್ಲಿ ಎತ್ತರದ ಜಾಗ ಅಂದರೆ ರೋಡ್ ಹಂಪು ಮಾತ್ರ.

ಮಾರ್ಚ್ ತಿಂಗಳು. ಬೆಳಗಿನ ಹೊತ್ತೇ ಬಿಸಿಲು ಚುರುಕಾಗಿತ್ತು. ಗುಡ್ಡದ ಬುಡದಲ್ಲಿ ಎಲ್ಲರೂ ಸೇರಿದೆವು. ಹಾರೂಗೇರಿಯಿಂದ ಒಂದು ದೊಡ್ಡ ಕುಟುಂಬ ಬಂದಿತ್ತು, ಚಿಳ್ಳೆಪಿಳ್ಳೆಗಳು, ಜೊತೆಗೆ ಸೆರಗು ಬಿಗಿದು ಕಟ್ಟಿದ ಒಬ್ಬ ಅಜ್ಜಿ, ನಮ್ಮ ಮಾತಿನಲ್ಲಿ ಆಯಿ. ಕಾಗವಾಡದವರು ಮೂವರೇ: ಬಾಳಾಸಾಹೇಬರು, ಅವರ ಮನೆಯವರು, ಮತ್ತು ಅಭಿಜಿತ್. ಬಾಳಾಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಟೋಪಿ ಹಾಕಿದ್ದರು. ನಾನು ಹೊಸ ಬೂಟು ಹಾಕಿದ್ದೆ. ಮೊದಲ ನೋಟಕ್ಕೇ ಇಬ್ಬರಿಗೂ ಇಬ್ಬರ ಹೊಟ್ಟೆ ಕಂಡು ಸ್ವಲ್ಪ ಸಮಾಧಾನವಾಯಿತು.

"ನಮಸ್ಕಾರ್ರಿ ಬೀಗರ" ಎಂದರು ಅವರು. ಇನ್ನೂ ಏನೂ ಆಗಿರಲಿಲ್ಲ. ಆದರೆ ನಮ್ಮ ಕಡೆ ಮಾತುಕತೆ ಶುರುವಾದರೆ ಸಾಕು, ಬೀಗರು ಎಂದು ಕರೆದುಬಿಡುವ ರೂಢಿ. "ನಿಮ್ಮ ಅಂಕಣ ಪೇಪರ ಬಂದ ಕೂಡ್ಲೆ ಮೊದಲ ಓದತೀನ್ರಿ ನಾ. ನಡಿಗಿ ಬಗ್ಗೆ ಭಾಳ ಬರೀತೀರಿ. ಇವತ್ತ ನೀವ ನಮ್ಮನ್ನ ಕರಕೊಂಡ ಹೋಗಬೇಕ ನೋಡ್ರಿ ಮ್ಯಾಲ."

ಬರೆದದ್ದು ಹೀಗೆ ಬೆನ್ನು ಹತ್ತುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಗೈಡ್ ಹೆಸರು ಪ್ರಾಜಕ್ತಾ. ನಿಪ್ಪಾಣಿಯ ಹುಡುಗಿ. ಕೊರಳಲ್ಲಿ ಸೀಟಿ, ಬೆನ್ನಿಗೆ ಔಷಧದ ಚೀಲ. ಹೊರಡುವ ಮೊದಲು ಎಲ್ಲರನ್ನೂ ಸುತ್ತ ನಿಲ್ಲಿಸಿ ಹೇಳಿದಳು: "ಎಲ್ಲಾರೂ ಕೇಳ್ರಿ. ನೀರ ಬೇಕಾದ್ರ ಬೇಕು ಅನ್ರಿ. ಕುಂಡ್ರಬೇಕು ಅನಿಸಿದ್ರ ಕುಂಡ್ರತೀನಿ ಅನ್ರಿ. ಯಾರರೆ ಬ್ಯಾಡ ಅಂದ್ರ, ಬ್ಯಾಡ ಅಂತನ ತಿಳಕೋತೀನಿ. ಮತ್ತೊಮ್ಮೆ ಕೇಳೂದಿಲ್ಲ. ಮ್ಯಾಲ ಬಿಸಲ ಭಾಳ ಐತಿ, ಸಂಕೋಚ ಮಾಡಬ್ಯಾಡ್ರಿ."

ನಾವೆಲ್ಲ ನಕ್ಕೆವು. ಬಾಳಾಸಾಹೇಬರು ಜೋರಾಗಿಯೇ ನಕ್ಕರು. ಒಮ್ಮೆ ಮಾತ್ರ ಕೇಳುತ್ತಾಳಂತೆ! ಇದ್ಯಾವ ಪದ್ಧತಿ?

ನಮ್ಮಲ್ಲಿ "ಬ್ಯಾಡ್ರಿ" ಎನ್ನುವುದು ಮಾತಿನ ಆರಂಭ, ಅಷ್ಟೇ. ಮನೆಗೆ ಬಂದವರಿಗೆ ಚಹಾ ತಗೊಳ್ಳಿ ಅಂದರೆ, "ಬ್ಯಾಡ್ರಿ, ಈಗ ಕುಡದ ಬಂದೇವಿ" ಅನ್ನಲೇಬೇಕು. ಆಗ ನೀವು "ಅದ್ಹೆಂಗ್ರಿ, ಅರ್ಧಾ ಕಪ್ಪರೆ" ಅನ್ನಲೇಬೇಕು. ಅವರು "ಖರೇನ ಬ್ಯಾಡ್ರಿ" ಅನ್ನುತ್ತಾರೆ. ಅಷ್ಟರಲ್ಲಿ ಒಳಗೆ ಚಹಾ ಕುದಿಯುತ್ತಿರುತ್ತದೆ. ಮೊದಲ ಸಲವೇ "ಹೂಂ, ತರ್ರಿ" ಎಂದವನನ್ನು ಹಪಾಪಿ, ಅಂದರೆ ಆಸೆಬುರುಕ, ಎನ್ನುತ್ತೇವೆ. ಮೊದಲ ಸಲ ಬ್ಯಾಡ ಎಂದ ಕೂಡಲೇ ಸುಮ್ಮನಾದವನನ್ನು ಜಿಪುಣ ಎನ್ನುತ್ತೇವೆ. ಪಂಕ್ತಿಯಲ್ಲಿ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕ್ರಿ ಸಾಕ್ರಿ" ಎನ್ನುವವನ ಬೆರಳ ಸಂದಿಯಿಂದ ತುಪ್ಪ ಇಳಿಸಿದರೇ ಉಪಚಾರ. ಇನ್ನು ಬೀಗರ ವಿಷಯಕ್ಕೆ ಬಂದರೆ ಈ ಒತ್ತಾಯದ ಲೆಕ್ಕವೇ ಬೇರೆ. ಎಷ್ಟು ಸಲ ಬೇಡ ಅನ್ನುತ್ತಾರೋ ಅಷ್ಟು ದೊಡ್ಡ ಮನೆತನ.

ಹತ್ತಲು ಶುರು ಮಾಡಿದೆವು. ಮೊದಲ ಏರು ಅಷ್ಟೇನೂ ಕಷ್ಟವಿರಲಿಲ್ಲ. ಒಣಗಿದ ಹಳದಿ ಹುಲ್ಲು, ನಡುನಡುವೆ ಎಲೆ ಉದುರಿಸಿ ಬರೀ ಕೆಂಪು ಹೂ ಹೊತ್ತ ಮುತ್ತುಗದ ಗಿಡಗಳು. ಮುಂದೆ ಕಾಲುದಾರಿ ಕಿರಿದಾಯಿತು. ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಅಲ್ಲೇ ಮೊದಲ ತೊಂದರೆ ಶುರುವಾಯಿತು.

"ನಡೀರಿ ಬೀಗರ, ನೀವು ಮುಂದ" ಎಂದೆ ನಾನು.

"ಛೇ ಛೇ, ನೀವ ಮುಂದ ನಡೀರಿ ಮಾಸ್ತರ."

"ಎಲ್ಲರೆ ಉಂಟೇನ್ರಿ! ನೀವು ಗಂಡಿನ ಕಡ್ಯಾವ್ರು."

"ನೀವು ವಯಸ್ಸಿನ್ಯಾಗ ದೊಡ್ಡಾವ್ರು."

(ದೊಡ್ಡವನೇನಲ್ಲ. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದೇನೆ, ಅಷ್ಟೇ.) ನಾವು ಹೀಗೆ ಉಪಚಾರ ಮಾಡಿಕೊಳ್ಳುತ್ತಾ ನಿಂತಿರುವಾಗ ಹಿಂದೆ ದೊಡ್ಡ ಸರತಿ ನಿಂತುಬಿಟ್ಟಿತು. ಕೊನೆಗೆ ಹಾರೂಗೇರಿಯ ಆಯಿ "ಸರೀರ್ಯೋ ಯಪ್ಪಾ, ನಿಮ್ದ ಮುಗಿಯೂದಿಲ್ಲ" ಎಂದು ಇಬ್ಬರ ನಡುವೆಯೇ ನುಗ್ಗಿ ಮುಂದೆ ಹೋದಳು. ಮತ್ತೆ ಅವಳನ್ನು ನಾವು ಕಂಡದ್ದು ಗುಡ್ಡದ ತುದಿಯಲ್ಲಿ.

ಸ್ವಲ್ಪ ಹೊತ್ತಿಗೆ ಬೆವರು ಕಿತ್ತುಕೊಂಡು ಬಂತು. ನಾನು ನಿಂತು ಬಾಟಲಿ ತೆಗೆದೆ. ಬೀಗರ ಎದುರಿಗೆ ಒಬ್ಬನೇ ಗಟಗಟ ಕುಡಿಯಲಾಗುತ್ತದೆಯೇ? ಅವರ ಮುಂದೆ ಹಿಡಿದೆ. "ತಗೋರಿ, ನೀರ ಕುಡೀರಿ."

"ಬ್ಯಾಡ್ರಿ. ಈಗರೆ ಚಹಾ ಆಗೇತಿ."

ಈಗ ನಾನು ಮತ್ತೊಮ್ಮೆ ಒತ್ತಾಯ ಮಾಡಬೇಕಿತ್ತು. "ಅದ್ಹೆಂಗ್ರಿ, ಒಂದ ಗುಟುಕರೆ" ಎನ್ನಬೇಕಿತ್ತು. ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಉಸಿರೇ ಇರಲಿಲ್ಲ ಸ್ವಾಮೀ! ಒತ್ತಾಯ ಮಾಡಲು ಎದೆಯಲ್ಲಿ ದಮ್ಮು ಬೇಕು ಎನ್ನುವುದು ಸಪಾಟು ನೆಲದಲ್ಲಿ ಬದುಕಿದ ನನಗೆ ಅಂದೇ ಗೊತ್ತಾದದ್ದು. ಅವರು ಕುಡಿಯದೆ ನಾನು ಕುಡಿಯುವಂತಿಲ್ಲ. ಬಾಟಲಿ ಚೀಲಕ್ಕೆ ವಾಪಸು ಹೋಯಿತು.

ಮುಂದಿನ ತಿರುವಿನಲ್ಲಿ ಅವರು ತಮ್ಮ ಬಾಟಲಿ ತೆಗೆದರು. "ತಗೋರಿ ಮಾಸ್ತರ."

"ಬ್ಯಾಡ್ರಿ. ನೀರಡಿಕಿ ಇಲ್ಲ."

ಅವರೂ ಬಾಯಿ ತೆರೆದರು. ಅವರಿಗೂ ಮಾತು ಹೊರಡಲಿಲ್ಲ. ಆ ಬಾಟಲಿಯೂ ಚೀಲ ಸೇರಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ನಗಲು ತುಟಿ ನೋಯುತ್ತಿತ್ತು.

ನಮ್ಮ ಮುಂದೆ ನಡೆಯುತ್ತಿದ್ದವನು ಅಭಿಜಿತ್. ಅವನು ಒಂದು ಬಂಡೆ ಕಂಡದ್ದೇ ಅದರ ಮೇಲೆ ಕೂತುಬಿಟ್ಟ. "ಅಯ್ಯಯ್ಯೋ, ನನಗ ಭಾಳ ನೀರಡಿಕ್ಯಾಗೇತಿ" ಎಂದು ಯಾರನ್ನೂ ಕೇಳದೆ ಬಾಟಲಿ ಎತ್ತಿ ಅರ್ಧ ಖಾಲಿ ಮಾಡಿದ. ಆಮೇಲೆ ನನ್ನ ಮಗಳತ್ತ ಚಾಚಿ, "ಬೇಕೇನ್ರಿ?" ಎಂದ.

"ಬೇಕು" ಎಂದಳು ಮಗಳು. ಕೊಟ್ಟ. ಕುಡಿದಳು. ಮುಗಿಯಿತು.

ನನಗೆ ಇದು ಸರಿ ಅನಿಸಲಿಲ್ಲ. ಹಿರಿಯರ ಮುಂದೆ ಮೊದಲು ತಾನೇ ಕುಡಿಯುವುದೇ? ಅದಿರಲಿ, ನನ್ನ ಮಗಳು? ಮೊದಲ ಸಲವೇ "ಬೇಕು" ಎಂದುಬಿಟ್ಟಳಲ್ಲ! ಬೀಗರು ಏನು ತಿಳಿದುಕೊಂಡಾರು? ಓರೆಗಣ್ಣಿನಿಂದ ಬಾಳಾಸಾಹೇಬರನ್ನು ನೋಡಿದೆ. ಅವರು ಏನೂ ತಿಳಿದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮಗನ ಕೈಯ ಬಾಟಲಿಯನ್ನೇ ನೋಡುತ್ತಿದ್ದರು.

ಹೆಂಗಸರು ಎಲ್ಲಿದ್ದರು ಎಂದಿರಾ? ನನ್ನ ಹೆಂಡತಿ ಶೋಭಾ ಮತ್ತು ಕಾಗವಾಡದ ವೈನಿಯವರು, ಅಂದರೆ ಬಾಳಾಸಾಹೇಬರ ಮನೆಯವರು, ಮೊದಲ ಏರಿನಲ್ಲೇ "ನಮಗ ಆಗೂದಿಲ್ಲವಾ, ನಾವು ಕುಂತ ಕುಂತ ಬರ್ತೇವಿ" ಎಂದು ಹೇಳಿ ಒಂದು ಗಿಡದ ನೆರಳು ಹಿಡಿದಿದ್ದರು. ಕೆಳಗಿನಿಂದ ಅವರ ನಗು ಕೇಳಿಸುತ್ತಿತ್ತು.

ಕೊನೆಯ ಏರು ಬಂತು. ಕಲ್ಲಿನ ಪದರಗಳೇ ಮೆಟ್ಟಿಲು. ಕೈ ಊರಿದರೆ ಹಂಚಿನ ಮೇಲೆ ಊರಿದಂತೆ ಸುಡುತ್ತಿತ್ತು. ಹಿಂದೆ ತಿರುಗಿದರೆ ಎಂಥಾ ನೋಟವಂತೆ! ಎಲ್ಲರೂ ಫೋಟೋ ತೆಗೆಯುತ್ತಿದ್ದರು. ನನಗೆ ಕಾಣಿಸುತ್ತಿದ್ದದ್ದು ಬರೀ ಹಳದಿ ಚುಕ್ಕೆಗಳು. ಪ್ರಾಜಕ್ತಾ ನನ್ನ ಮುಖ ನೋಡಿ ಹತ್ತಿರ ಬಂದಳು.

"ಸರ್, ಕುಂಡ್ರತೀರೇನು? ಓಆರ್‌ಎಸ್ ನೀರ ಕೊಡ್ಲಿ?"

ಜೀವ ಬಾಯಿಗೆ ಬಂದಿತ್ತು. ಬಾಯಿ ಮಾತ್ರ ತನ್ನ ಸಂಸ್ಕಾರ ಬಿಡಲಿಲ್ಲ. "ಬ್ಯಾಡವಾ, ಆರಾಮ ಅದೀನಿ. ಮೊದಲ ಬೀಗರನ್ನ ಕೇಳು."

ಅವಳು ಅವರನ್ನು ಕೇಳಿದಳು. ಬಾಳಾಸಾಹೇಬರು ಬಂಡೆಗೆ ಒರಗಿ ನಿಂತಿದ್ದರು. ಬಿಳಿ ಅಂಗಿ ಮೈಗಂಟಿತ್ತು. "ನನಗ ಬ್ಯಾಡವಾ. ಮಾಸ್ತರಿಗೆ ಕೊಡು."

"ಇಬ್ಬರೂ ಬ್ಯಾಡ ಅಂದ್ರಿ ನೋಡ್ರಿ" ಎಂದು ಪ್ರಾಜಕ್ತಾ ಚೀಲದ ಜಿಪ್ಪು ಎಳೆದು ಹಾರೂಗೇರಿಯ ಮಕ್ಕಳ ಕಡೆ ಹೋದಳು. ಹೇಳಿದ ಮಾತಿಗೆ ತಪ್ಪದ ಹುಡುಗಿ. ಹೋಗುತ್ತಿರುವ ಆ ಕಿತ್ತಳೆ ಬಣ್ಣದ ನೀರನ್ನು ನಾನು ನೋಡಿದ ನೋಟವಿದೆಯಲ್ಲ, ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನೂ ಹಾಗೆ ನೋಡಿರಲಿಲ್ಲ.

ಆಮೇಲೆ ಏನಾಯಿತೋ ಸರಿಯಾಗಿ ನೆನಪಿಲ್ಲ. ನಾನು ಕೂತೆ. ನನ್ನ ಹಿಂದೆಯೇ ಬಾಳಾಸಾಹೇಬರೂ ಕೂತರು. ಯಾರು ಮೊದಲು ಕೂತರು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಈಗಲೂ ಒಮ್ಮತವಿಲ್ಲ.

ಎಷ್ಟೋ ಹೊತ್ತಿನ ಮೇಲೆ ಹೆಂಗಸರಿಬ್ಬರೂ ಆರಾಮಾಗಿ ಮಾತಾಡುತ್ತಾ ಮೇಲೆ ಬಂದರು. ನಮ್ಮನ್ನು ಕಂಡು ಗಾಬರಿಯಾದರು. ಶೋಭಾ ನನ್ನ ಚೀಲ ಬಿಚ್ಚಿ ಬಾಟಲಿ ತೆಗೆದಳು. ತಿರುಗಿಸಿ ಮುರುಗಿಸಿ ನೋಡಿದಳು.

"ಏನ್ರಿ ಇದು! ತುಂಬಿದ್ದ ತುಂಬಿದಂಗ ಐತಲ್ರಿ. ಯಾಕ ಕುಡದಿಲ್ಲ?"

"ಬೀಗರು ಕುಡೀಲಿಲ್ಲ" ಎಂದೆ.

ವೈನಿ ತಮ್ಮ ಯಜಮಾನರ ಬಾಟಲಿ ಎತ್ತಿ ಹಿಡಿದರು. "ನೀವ್ಯಾಕ ಕುಡದಿಲ್ಲ?"

"ಅವರ ಕುಡೀಲಿಲ್ಲ" ಎಂದರು ಬಾಳಾಸಾಹೇಬರು ಕ್ಷೀಣ ದನಿಯಲ್ಲಿ.

ಹೆಂಗಸರಿಬ್ಬರೂ ನಕ್ಕ ನಗುವಿಗೆ ಮುಂದೆ ಹೋಗಿದ್ದವರೂ ತಿರುಗಿ ನೋಡಿದರು. ಆಮೇಲೆ ಕರುಗಳ ಬಾಯಿಗೆ ಹಾಲಿನ ಬಾಟಲಿ ಹಿಡಿಯುವ ಹಾಗೆ ನಮ್ಮಿಬ್ಬರ ಬಾಯಿಗೂ ಹಿಡಿದರು. ಬೇಕೇ ಎಂದು ಕೇಳಲಿಲ್ಲ. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಹಾಗೂ ಹೀಗೂ ಮೇಲೆ ಮುಟ್ಟಿದೆವು. ತುದಿ ಎಂದರೆ ಮೊನಚಲ್ಲ, ತಾಟಿನಂಥ ಸಪಾಟು ಬಯಲು. ಅಂಚಿಗೆ ನಿಂತರೆ ಗಾಳಿ. ಕೆಳಗೆ ಕಣ್ಣು ಹರಿಯುವಷ್ಟು ದೂರ ಹಸಿರು ಕಬ್ಬು, ಅಲ್ಲಲ್ಲಿ ಕಾರ್ಖಾನೆಯ ಚಿಮಣಿಗಳ ಹೊಗೆ. ನೀರು ಕುಡಿದ ಕಣ್ಣಿಗೆ ಜಗತ್ತು ಬೇರೆಯೇ ಕಾಣುತ್ತದೆ. ನನ್ನ ಹುಮ್ಮಸ್ಸು ಮರಳಿತು. ದೂರದಲ್ಲಿ ಫಳಫಳ ಹೊಳೆಯುವ ಗೆರೆಯೊಂದನ್ನು ತೋರಿಸಿ, "ನೋಡ್ರಿ ಬೀಗರ, ನಮ್ಮ ಕೃಷ್ಣಾ ಹೊಳಿ" ಎಂದೆ. ಬಾಳಾಸಾಹೇಬರು ಭಕ್ತಿಯಿಂದ ಕೈಮುಗಿದರು.

"ಅಪ್ಪಾ, ಅದು ಹೈವೇ" ಎಂದಳು ಅಶ್ವಿನಿ.

ನೆರಳು ಹುಡುಕಿ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ಕಾಗವಾಡದವರ ಒಣದ್ರಾಕ್ಷಿ. ನಾನು ಹೋಳಿಗೆ ಬಡಿಸಲು ಹೋದೆ. ಬಾಳಾಸಾಹೇಬರು ರೂಢಿಯಂತೆ ತಾಟಿಗೆ ಕೈ ಅಡ್ಡ ಹಿಡಿದರು. ತಕ್ಷಣ ಇಬ್ಬರಿಗೂ ನಗು ಬಂತು.

"ಮಾಸ್ತರ, ಇವತ್ತ ಈ ಒತ್ತಾಯದ ಕಾಲಾಗ ಇಬ್ಬರದೂ ಹೆಣಾ ಬೀಳತಿತ್ತರಿ" ಎಂದರು ಅವರು. "ಇನ್ನ ಮ್ಯಾಲ ಬಂದ್. ಒಮ್ಮೆ ಕೇಳೂದು, ಒಮ್ಮೆ ಹೇಳೂದು. ಆ ಹುಡುಗಿ ಹೇಳಿದ್ದ ಖರೆ ಐತಿ."

"ಖರೆ ಐತ್ರಿ. ಬಂದ್!" ಎಂದು ನಾನು ಕೈ ಚಾಚಿದೆ. ಅವರು ನನ್ನ ಕೈಮೇಲೆ ಕೈ ಇಟ್ಟು ಮಾತು ಕೊಟ್ಟರು. ಆಮೇಲೆ ಒಂದು ಹೋಳಿಗೆ ಕೇಳಿ ಹಾಕಿಸಿಕೊಂಡರು. ಎಂಥಾ ನಿರಾಳವಾಯಿತು ಗೊತ್ತೇ? ಎಷ್ಟು ವರ್ಷದ ಭಾರವನ್ನು ಗುಡ್ಡದ ಮೇಲೆ ಇಳಿಸಿದೆವು ಅನಿಸಿತು.

ಮಕ್ಕಳಿಬ್ಬರೂ ಗುಡ್ಡದ ಅಂಚಿನ ಕಡೆ ನಡೆದುಕೊಂಡು ಹೋದರು. ಹೆಂಗಸರು ಡಬ್ಬಿ ಕಟ್ಟುತ್ತಿದ್ದರು. ಬಾಳಾಸಾಹೇಬರು ಟೋಪಿ ತೆಗೆದು ಗಾಳಿ ಹಾಕಿಕೊಂಡರು. ಆಮೇಲೆ ಮುಖಕ್ಕೆ ಮುಖ ಕೊಟ್ಟು ಕೇಳಿದರು.

"ಮಾಸ್ತರ, ನಿಮ್ಮ ಹುಡುಗಿ ನಮಗ ಮನಸಿಗೆ ಬಂದಾಳ. ಮುಂದಿನ ಮಾತ ಆಡೂಣೇನ್ರಿ?"

ಓದುಗರೇ, ನನ್ನ ಎದೆಯಲ್ಲಿ ಸಂತೋಷ ಉಕ್ಕಿತು. ಈ ಮಾತಿಗಾಗಿಯೇ ಅಲ್ಲವೇ ನಾನು ಬೆಂದು ಬಂದದ್ದು? ಹುಡುಗ ಒಳ್ಳೆಯವನು. ಮನೆಯವರು ಒಳ್ಳೆಯವರು. ಹೇಳಬೇಕಾದ ಮಾತು ಒಂದೇ ಒಂದು. ಬಾಯಿ ತೆರೆದೆ.

"ಅವಸರೇನೈತ್ರಿ ಬೀಗರ. ನೋಡೂಣಂತ ಬಿಡ್ರಿ."

ಹೀಗೆ ಅಂದವನು ನಾನೇ. ಯಾಕಂದೆ? ಹೆಣ್ಣಿನ ತಂದೆ ಮೊದಲ ಸಲ ಕೇಳಿದಾಗಲೇ ಹೂಂ ಎನ್ನಬಾರದು. ಅಂದರೆ ಮಗಳನ್ನು ಸಾಗಹಾಕಲು ಕಾಯುತ್ತಿದ್ದಾನೆ ಎಂದು ತಿಳಿಯುತ್ತಾರೆ. ಅವರು ಮತ್ತೊಮ್ಮೆ ಕೇಳುತ್ತಾರೆ, ಆಗ ಮಗಳನ್ನು ಕೇಳಿ ಹೇಳುತ್ತೇನೆ ಎನ್ನಬೇಕು, ಮೂರನೆಯ ಸಲಕ್ಕೆ ಬಾಯಿ ಸಿಹಿ ಮಾಡಬೇಕು. ನನ್ನಪ್ಪ ಹೀಗೆ ಮಾಡಿದ್ದ. ನನ್ನ ಮಾವ ಹೀಗೆ ಮಾಡಿದ್ದರು. ನಾನೂ ಹೀಗೆ ಹೇಳಿ, ಮುಗುಳ್ನಗುತ್ತಾ, ಅವರ ಎರಡನೇ ಮಾತಿಗೆ ಕಾದೆ.

ಬಾಳಾಸಾಹೇಬರ ಮುಖ ಸಣ್ಣದಾಯಿತು. ಟೋಪಿ ತಲೆಗಿಟ್ಟುಕೊಂಡರು. "ಆತ ಬಿಡ್ರಿ" ಎಂದರು.

ಮತ್ತೆ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ಈಗಷ್ಟೇ ಕೈಮೇಲೆ ಕೈ ಇಟ್ಟು ಮಾತು ಕೊಟ್ಟಿದ್ದರಲ್ಲ. ಅದೂ ನನಗೇ!

ಇಳಿಯುವಾಗ ದಾರಿ ಕಿರಿದಾದಲ್ಲಿ ಅವರು "ನೀವ ಮುಂದ" ಎನ್ನಲಿಲ್ಲ. ಸುಮ್ಮನೆ ಮುಂದೆ ನಡೆದರು.

ವಾರ ಕಳೆಯಿತು. ಫೋನ್ ಬರಲಿಲ್ಲ. ಇನ್ನೊಂದು ವಾರಕ್ಕೆ ಧೈರ್ಯ ಮಾಡಿ ನಾನೇ ಫೋನ್ ಹಚ್ಚಿದೆ. "ಬಿಸಲ ಭಾಳ ಆಗೇತಿ ನೋಡ್ರಿ" ಎಂದೆ. ಭಾಳ ಆಗೇತ್ರಿ, ಎಂದರು. "ಮೊಣಕಾಲ ಹೆಂಗದಾವ?" ಎಂದೆ. ಈಗ ಕಡಿಮಿ ಐತ್ರಿ, ಎಂದರು. "ದ್ರಾಕ್ಷಿ ಒಣಗಿದ್ವೇನು?" ಎಂದೆ. ಒಣಗಾಕತ್ತಾವ, ಎಂದರು. "ಮತ್ತೇನ್ರಿ?" ಎಂದೆ. "ಮತ್ತೇನಿಲ್ರಿ" ಎಂದರು. ಇಟ್ಟುಬಿಟ್ಟೆವು. ಬಾಯಲ್ಲಿದ್ದ ಮಾತು ಬಾಯಲ್ಲೇ ಉಳಿಯಿತು. ಮೇಲೆ ಬಿದ್ದು ಹೇಗೆ ಹೇಳುವುದು? ಹೆಣ್ಣಿನ ಕಡೆಯವರಲ್ಲವೇ ನಾವು?

ಮಗಳಿಗೆ ನಾನು ಏನೂ ಹೇಳಿರಲಿಲ್ಲ. ಅವಳಿಗೆ ಗೊತ್ತಾದದ್ದು ಅಭಿಜಿತ್‌ನಿಂದ. ಮೊನ್ನೆ ಸಂಜೆ ಕಾರ್ಖಾನೆಯಿಂದ ಬಂದವಳು ಚಪ್ಪಲಿ ಬಿಡದೆ ನನ್ನ ಮುಂದೆ ನಿಂತಳು.

"ಅಪ್ಪಾ, ನೀ ಅವರಿಗೆ ಏನ ಅಂದಿ?"

ಹೇಳಿದೆ. ಅವಸರವಿಲ್ಲ ಎಂದೆ, ಅಷ್ಟೇ. ಅವರೇ ಇನ್ನೊಮ್ಮೆ ಕೇಳಬೇಕಿತ್ತು.

"ಅವರು ಕೇಳೂದಿಲ್ಲ. ಮನ್ಯಾಗ ಹೇಳ್ಯಾರಂತ. ಮಾಸ್ತರಿಗೆ ಮನಸಿಲ್ಲ, ನಾ ಮಾತ ಕೊಟ್ಟೇನಿ, ಒತ್ತಾಯ ಮಾಡೂದಿಲ್ಲ ಅಂತ." ಅವಳು ಚೀಲ ಕೆಳಗಿಟ್ಟಳು. "ಗುಡ್ಡದ ಮ್ಯಾಲ ಅಭಿಜಿತ್ ನನ್ನ ಕೇಳಿದ್ದ. ಈ ಸಂಬಂಧ ನಿಮಗ ಬೇಕೇನ್ರಿ ಅಂತ. ನಾ ಬೇಕು ಅಂದಿದ್ದೆ."

ಮೊದಲ ಸಲಕ್ಕೇ ಬೇಕು ಅಂದಿದ್ದಳು, ನೀರಿಗೆ ಅಂದ ಹಾಗೆ.

ಅವಳು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಹಿತ್ತಲಿಗೆ ಹೋಗಿ ಗುಡ್ಡಕ್ಕೆ ಹಾಕಿದ್ದ ತನ್ನ ಬೂಟುಗಳ ಧೂಳು ತೊಳೆದು ಗೋಡೆಯ ಮೇಲೆ ಒಣಗಿಟ್ಟಳು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ಒದ್ದೆ ಬೂಟುಗಳನ್ನು ನೋಡುತ್ತಾ ಕೂತಾಗ ನನಗೆ ನಿಜಕ್ಕೂ ಅಳು ಬಂತು. ಎರಡು ಸಲ ಟ್ರೇ ಹಿಡಿದು ಬಂದಾಗ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಮೂರನೇ ಸಲ ಒಬ್ಬ ಕೇಳಿದ. ಅವಳು ಉತ್ತರ ಹೇಳಿದಳು. ಅದನ್ನು ಕೆಡಿಸಿದ್ದು ಅವಳಪ್ಪನ ನಾಲಿಗೆ.

"ಈಗರೆ ಫೋನ್ ಮಾಡಿ ಬೇಕು ಅನ್ರಿ" ಎಂದಳು ಶೋಭಾ. ಮಾಡಿದೆ. ಬಾಳಾಸಾಹೇಬರು "ಹಲೋ" ಎಂದರು. ನಾನು "ಬಿಸಲ ಭಾಳ ಆಗೇತಿ ನೋಡ್ರಿ" ಎಂದೆ.

ಹೆಂಡತಿ ಹಣೆ ಬಡಿದುಕೊಂಡಳು.

ಬಾಯಿಂದ ಆಗದ್ದನ್ನು ಬರೆದು ಹೇಳುವುದೊಂದೇ ನನಗೆ ಗೊತ್ತಿರುವ ದಾರಿ. ಬಾಳಾಸಾಹೇಬರು ಪೇಪರ್ ಬಂದ ಕೂಡಲೇ ಈ ಅಂಕಣ ಓದುತ್ತೇನೆ ಎಂದಿದ್ದರಲ್ಲ. ಅದೇ ಧೈರ್ಯದ ಮೇಲೆ ನಿನ್ನೆ ಕೂತು ಇದಿಷ್ಟನ್ನೂ ಬರೆದೆ. ಕೊನೆಯ ಸಾಲು ಹೀಗಿತ್ತು: "ಕಾಗವಾಡದ ಬೀಗರೇ, ದಯವಿಟ್ಟು ಇನ್ನೊಮ್ಮೆ ಕೇಳುತ್ತೀರಾ?" ಚೆನ್ನಾಗಿದೆ ಅನಿಸಿತು. ವಿನಯವೂ ಇದೆ, ಮರ್ಯಾದೆಯೂ ಉಳಿಯುತ್ತದೆ.

ಅಶ್ವಿನಿ ಎಂದಿನಂತೆ ಓದಿದಳು. ಗುಡ್ಡದ ಭಾಗಕ್ಕೆ ಒಂದೆರಡು ಕಡೆ ನಕ್ಕಳು ಕೂಡ. ಕೊನೆಯ ಸಾಲಿಗೆ ಬಂದಳು. ಪೆನ್ನು ತೆಗೆದುಕೊಂಡು ಅಡ್ಡಗೆರೆ ಎಳೆದಳು.

"ಮತ್ತ ಅವರ ಕೇಳಬೇಕೇನ ಅಪ್ಪಾ?" ಎಂದಳು.

ಇಲ್ಲ ಮಗಳೇ. ಬಾಳಾಸಾಹೇಬರ, ಅವತ್ತ ನೀವು ಕೊಟ್ಟ ನೀರೂ ನನಗ ಬೇಕಾಗಿತ್ರಿ, ಈ ಸಂಬಂಧನೂ ಬೇಕ್ರಿ.